ಧಾರ್ಮಿಕ ಸ್ವಾತಂತ್ರ್ಯಕ್ಕೆ ಒಂದು ಸರ್ಕಾರಿ ದಿನ: ಆ ಘೋಷಣೆ ಯಾರ ಕೈ ಕಟ್ಟತ್ತೆ?

ಪ್ರತಿ ವರ್ಷ ಜನವರಿ 16ರ ಆಸುಪಾಸಲ್ಲಿ ಅಮೆರಿಕದ ವೈಟ್ ಹೌಸ್‌ನಿಂದ ಒಂದು ಘೋಷಣೆ ಹೊರಗೆ ಬರತ್ತೆ. ಅಧ್ಯಕ್ಷರು ಸಹಿ ಹಾಕಿರ್ತಾರೆ, ಫೆಡರಲ್ ರಿಜಿಸ್ಟರ್ ಅನ್ನೋ ಅಲ್ಲಿನ ಗೆಜೆಟ್‌ನಲ್ಲಿ ಅದು ಅಚ್ಚಾಗತ್ತೆ, ಈ ದಿನವನ್ನ ರಿಲೀಜಿಯಸ್ ಫ್ರೀಡಂ ಡೇ ಅಂತ ಮನೇಲಿ, ಶಾಲೇಲಿ, ಪ್ರಾರ್ಥನಾ ಮಂದಿರಗಳಲ್ಲಿ ಆಚರಿಸಿ ಅಂತ ಜನರಿಗೆ ಕರೆ ಇರತ್ತೆ. ಇದು ರಜಾ ದಿನ ಅಲ್ಲ, ಇದಕ್ಕೋಸ್ಕರ ಯಾವ ಬ್ಯಾಂಕೂ ಮುಚ್ಚಲ್ಲ, ಮೆರವಣಿಗೆ ಪಟಾಕಿ ಏನೂ ಇಲ್ಲ, ತುಂಬಾ ಜನ ಅಮೆರಿಕನ್ನರಿಗೇ ಹೀಗೊಂದು ದಿನ ಇದೆ ಅನ್ನೋದು ಗೊತ್ತಿರಲ್ಲ. ಕಾಂಗ್ರೆಸ್, ಅಂದ್ರೆ ಅಲ್ಲಿನ ಸಂಸತ್ತು, ಮಾಡಿದ ನಿರ್ಣಯದ ಮೇಲೆ ಸೀನಿಯರ್ ಬುಷ್ 1993ರ ಜನವರಿಗೆ ಮೊದಲ ಘೋಷಣೆ ಹೊರಡಿಸಿದ್ರು, ಆಮೇಲೆ ಕ್ಲಿಂಟನ್, ಜೂನಿಯರ್ ಬುಷ್, ಒಬಾಮಾ, ಟ್ರಂಪ್, ಬೈಡನ್, ಎಲ್ಲರೂ ಹೊರಡಿಸಿದ್ದಾರೆ. ಪಾರ್ಟಿ ಬದಲಾದ್ರೂ ಈ ಕಾಗದ ಮಾತ್ರ ನಿಂತಿಲ್ಲ.

ಒಂದು ಪುಟದ ಸರ್ಕಾರಿ ಕಾಗದಕ್ಕೆ ಇಷ್ಟು ದೊಡ್ಡ ಲೇಖನ ಯಾಕೆ ಅಂತ ಅನ್ಸಬಹುದು. ನನ್ನ ಪ್ರಕಾರ ಈ ಥರದ ದಿನಗಳು ಒಂದು ಸರ್ಕಾರ ತನ್ನ ಬಗ್ಗೆ ತಾನು ಏನು ಅಂದ್ಕೊಂಡಿದೆ ಅನ್ನೋದನ್ನ ಬಿಚ್ಚಿ ತೋರಿಸ್ತವೆ. ಧಾರ್ಮಿಕ ಸ್ವಾತಂತ್ರ್ಯ ನಾವು ಜನರಿಗೆ ಕೊಟ್ಟಿದ್ದು ಅಂತ ಸರ್ಕಾರ ಅಂದ್ಕೊಂಡಿದೆಯಾ, ಇಲ್ಲಾ ಇದು ಜನರ ಬಳಿ ಮೊದಲಿಂದಲೂ ಇದ್ದದ್ದು, ನಾವು ಅದಕ್ಕೆ ಕೈ ಹಾಕಬಾರದು ಅಂತ ಅಂದ್ಕೊಂಡಿದೆಯಾ? ಜನವರಿ 16 ಯಾವ ಕಾನೂನಿನ ನೆನಪೋ ಆ ಕಾನೂನು ಎರಡನೇ ಮಾತನ್ನ ಹೇಳತ್ತೆ, ಆದ್ರೆ ಈಗಿನ ಘೋಷಣೆಗಳು ಎಷ್ಟೋ ಸಲ ಮೊದಲನೇ ಮಾತಿನ ದನಿಯಲ್ಲಿ ಬರ್ತವೆ. ನನಗೆ ಕಳವಳ ಇರೋದು ಇಲ್ಲೇ.

ಹಿನ್ನೆಲೆ ನೋಡೋಣ. 1786ರ ಜನವರಿ 16ಕ್ಕೆ ವರ್ಜೀನಿಯಾ ರಾಜ್ಯದ ಅಸೆಂಬ್ಲಿ ಧಾರ್ಮಿಕ ಸ್ವಾತಂತ್ರ್ಯದ ಕಾಯ್ದೆ ಪಾಸ್ ಮಾಡ್ತು. ಅದಕ್ಕೆ ಮುಂಚೆ ಅಲ್ಲಿ ಆಂಗ್ಲಿಕನ್ ಚರ್ಚೇ ಸರ್ಕಾರಿ ಚರ್ಚು, ನೀವು ಆ ಪಂಗಡದವರಾಗಿರಿ ಇಲ್ಲದಿರಿ ಅದರ ಪಾದ್ರಿಗಳ ಸಂಬಳಕ್ಕೆ ತೆರಿಗೆ ಕಟ್ಟಲೇಬೇಕಿತ್ತು. ಬ್ಯಾಪ್ಟಿಸ್ಟ್ ಅನ್ನೋ ಬೇರೆ ಕ್ರೈಸ್ತ ಪಂಗಡದ ಬೋಧಕರು ಲೈಸೆನ್ಸ್ ಇಲ್ಲದೆ ಉಪದೇಶ ಮಾಡಿದ್ರೆ ಹಿಡಿದು ಜೈಲಿಗೆ ಹಾಕ್ತಿದ್ರು, ಕೆಲವರು ಜೈಲಿನ ಕಿಟಕಿ ಕಂಬಿಯ ಹಿಂದೆ ನಿಂತೇ ಹೊರಗೆ ಸೇರಿದ್ದ ಜನಕ್ಕೆ ಉಪದೇಶ ಮಾಡಿದ್ದುಂಟು. 1774ರಲ್ಲಿ ಜೇಮ್ಸ್ ಮ್ಯಾಡಿಸನ್, ಮುಂದೆ ದೇಶದ ಅಧ್ಯಕ್ಷನಾದವನು, ಆಗಿನ್ನೂ 22 ವರ್ಷದ ಹುಡುಗ, ಪಕ್ಕದ ಕೌಂಟಿಯಲ್ಲಿ ಐದಾರು ಜನ ಒಳ್ಳೆಯವರನ್ನ ಬರೀ ಅವರ ಧಾರ್ಮಿಕ ವಿಚಾರ ಹೇಳಿದ್ದಕ್ಕೆ ಒಳಗೆ ಹಾಕಿದ್ದಾರೆ ಅಂತ ಸ್ನೇಹಿತನಿಗೆ ಸಿಟ್ಟಿನಿಂದ ಕಾಗದ ಬರೆದಿದ್ದ.

ಕಾಯ್ದೆಯ ಕರಡು ಬರೆದದ್ದು ಥಾಮಸ್ ಜೆಫರ್ಸನ್, 1777ರಲ್ಲಿ. 1779ರಲ್ಲಿ ಅಸೆಂಬ್ಲಿಗೆ ಬಂತು, ಪಾಸ್ ಆಗ್ಲಿಲ್ಲ, ಮೂಲೇಲಿ ಬಿದ್ದಿತ್ತು. 1784ರಲ್ಲಿ ಅಲ್ಲಿನ ದೊಡ್ಡ ನಾಯಕ ಪ್ಯಾಟ್ರಿಕ್ ಹೆನ್ರಿ ಬೇರೆ ಒಂದು ಮಸೂದೆ ತಂದ್ರು. ಅದು ಮೇಲ್ನೋಟಕ್ಕೆ ಬಹಳ ಉದಾರವಾಗೇ ಕಾಣತ್ತೆ: ಒಂದೇ ಚರ್ಚಿಗೆ ತೆರಿಗೆ ಬೇಡ, ಎಲ್ಲರೂ ತೆರಿಗೆ ಕಟ್ಲಿ, ಆದ್ರೆ ಅದು ಯಾವ ಕ್ರೈಸ್ತ ಪಂಗಡದ ಬೋಧಕರಿಗೆ ಹೋಗಬೇಕು ಅನ್ನೋದನ್ನ ಕಟ್ಟೋನೇ ಹೇಳ್ಲಿ. ಜಾರ್ಜ್ ವಾಷಿಂಗ್ಟನ್‌ಗೂ ಇದರಲ್ಲಿ ಅಂಥಾ ತಪ್ಪೇನೂ ಕಂಡಿರಲಿಲ್ಲ. ಮ್ಯಾಡಿಸನ್ ಮಾತ್ರ ಬಿಡಲಿಲ್ಲ, 1785ರಲ್ಲಿ ಹೆಸರು ಹಾಕದೆ ಒಂದು ಮನವಿ ಪತ್ರ ಬರೆದು ಹಂಚಿಸಿದ್ರು. ಅದರಲ್ಲಿ ಬರೋ ಒಂದು ವಾದ ನನಗೆ ಇವತ್ತಿಗೂ ಬಹಳ ಗಟ್ಟಿ ಅನ್ಸತ್ತೆ: ಒಂದು ಧರ್ಮ ಸಂಸ್ಥೆಗೆ ಬರೀ ಮೂರು ಪೆನ್ಸ್ ಕೊಡು ಅಂತ ಬಲವಂತ ಮಾಡೋ ಅಧಿಕಾರ ಸರ್ಕಾರಕ್ಕೆ ಇದೆ ಅಂತ ಒಪ್ಕೊಂಡ್ರೆ, ನಾಳೆ ಅದೇ ಸರ್ಕಾರ ಪೂರ್ತಿಯಾಗಿ ಇದೇ ಪಂಥಕ್ಕೆ ಸೇರು ಅಂದ್ರೂ ತಡೆಯೋಕೆ ನಮ್ಮ ಹತ್ರ ಏನೂ ಉಳಿಯಲ್ಲ. ಮೊತ್ತ ಚಿಕ್ಕದು ಅನ್ನೋದು ಮುಖ್ಯ ಅಲ್ಲ, ಆ ಅಧಿಕಾರ ಇರೋದೇ ತಪ್ಪು. ಬ್ಯಾಪ್ಟಿಸ್ಟರು, ಪ್ರೆಸ್‌ಬಿಟೇರಿಯನ್ನರು ಊರೂರಿಂದ ಸಾವಿರಾರು ಸಹಿ ಹಾಕಿಸಿ ಮನವಿಗಳನ್ನ ಕಳಿಸಿದ್ರು, ಹೆನ್ರಿಯ ಮಸೂದೆ ಸತ್ತೋಯ್ತು, ಆ ಗಾಳಿಯಲ್ಲೇ ಮ್ಯಾಡಿಸನ್ ಜೆಫರ್ಸನ್ನರ ಹಳೇ ಕರಡನ್ನ ತೆಗೆದು ಪಾಸ್ ಮಾಡಿಸಿದ್ರು. ಜೆಫರ್ಸನ್ ಆಗ ಪ್ಯಾರಿಸ್‌ನಲ್ಲಿ ರಾಯಭಾರಿ. ಅಂದ್ರೆ ಈ ಕಾನೂನು ಬಂದದ್ದು ಯಾವುದೋ ದೊಡ್ಡ ಮನುಷ್ಯ ಕರುಣಿಸಿದ್ದರಿಂದ ಅಲ್ಲ, ಜೈಲು ಕಂಡ ಒಂದು ಸಣ್ಣ ಪಂಗಡದ ಜನ ಪಟ್ಟು ಹಿಡಿದು ಕೂತಿದ್ದರಿಂದ, ಇದನ್ನ ಘೋಷಣೆಗಳು ಅಪರೂಪಕ್ಕೆ ಹೇಳ್ತವೆ, ಜೆಫರ್ಸನ್ ಹೆಸರನ್ನ ಮಾತ್ರ ಮರೆಯದೆ ಹೇಳ್ತವೆ.

ಚರ್ಚೆ ನಡೀತಿದ್ದಾಗ ಇನ್ನೊಂದು ಸಂಗತಿ ಆಯ್ತು. ಕಾಯ್ದೆಯ ಪೀಠಿಕೆಯಲ್ಲಿ ಯೇಸು ಕ್ರಿಸ್ತನ ಹೆಸರು ಸೇರಿಸೋಣ ಅಂತ ತಿದ್ದುಪಡಿ ಬಂತು, ಬಹುಮತದಿಂದ ಅದು ಬಿದ್ದೋಯ್ತು. ಜೆಫರ್ಸನ್ 1821ರಲ್ಲಿ ಬರೆದ ಆತ್ಮಕಥನದಲ್ಲಿ ಇದನ್ನ ನೆನಪು ಮಾಡ್ಕೊಂಡು, ಈ ಕಾಯ್ದೆಯ ರಕ್ಷಣೆ ಯಹೂದಿಗೂ ಇತರರಿಗೂ, ಕ್ರೈಸ್ತನಿಗೂ ಮುಸ್ಲಿಮನಿಗೂ, ಹಿಂದೂವಿಗೂ, ಯಾವ ನಂಬಿಕೆಯೂ ಇಲ್ಲದವನಿಗೂ ಸಿಗಬೇಕು ಅನ್ನೋದೇ ಅವರ ಉದ್ದೇಶವಾಗಿತ್ತು ಅಂತ ಹೇಳ್ತಾರೆ. ವರ್ಜೀನಿಯಾದಲ್ಲಿ ಆಗ ಹಿಂದೂಗಳು ಅಂತ ಒಂದು ಸಮುದಾಯವೇ ಇರಲಿಲ್ಲ. ಇಲ್ಲದೇ ಇರೋರ ಹಕ್ಕನ್ನೂ ಲೆಕ್ಕಕ್ಕೆ ತಗೊಂಡು ಬರೆದ ಕಾನೂನು ಅದು, ಓದಿದಾಗೆಲ್ಲ ನನಗೆ ಗೌರವ ಹುಟ್ಟತ್ತೆ. ಮಾಂಟಿಚೆಲ್ಲೋದಲ್ಲಿ ಜೆಫರ್ಸನ್ ಸಮಾಧಿ ಮೇಲೆ ಅವರೇ ಹೇಳಿ ಕೆತ್ತಿಸಿದ ಮೂರು ಸಾಧನೆ ಇವೆ: ಸ್ವಾತಂತ್ರ್ಯ ಘೋಷಣೆ ಬರೆದದ್ದು, ಈ ಕಾಯ್ದೆ ಬರೆದದ್ದು, ವರ್ಜೀನಿಯಾ ವಿಶ್ವವಿದ್ಯಾಲಯ ಕಟ್ಟಿದ್ದು. ಎರಡು ಅವಧಿಗೆ ಅಧ್ಯಕ್ಷರಾಗಿದ್ದು ಅಲ್ಲಿ ಇಲ್ಲವೇ ಇಲ್ಲ.

ಈಗ ಕಾಯ್ದೆ ಒಳಗೆ ಏನಿದೆ ನೋಡಿ. ಯಾರನ್ನೂ ಯಾವ ಪೂಜೆಗೂ ಯಾವ ಮಂದಿರಕ್ಕೂ ಬರೋಕೆ ಅಥವಾ ದುಡ್ಡು ಕೊಡೋಕೆ ಬಲವಂತ ಮಾಡೋ ಹಾಗಿಲ್ಲ, ನಂಬಿಕೆಯ ಕಾರಣಕ್ಕೆ ಮೈಗಾಗಲಿ ಆಸ್ತಿಗಾಗಲಿ ತೊಂದರೆ ಕೊಡೋ ಹಾಗಿಲ್ಲ, ತನ್ನ ಧರ್ಮದ ವಿಚಾರವನ್ನ ವಾದ ಮಾಡಿ ಹೇಳೋಕೆ ಎಲ್ಲರಿಗೂ ಹಕ್ಕಿದೆ, ಮತ್ತೆ ಧರ್ಮದ ಕಾರಣಕ್ಕೆ ಒಬ್ಬನ ನಾಗರಿಕ ಹಕ್ಕು ಹೆಚ್ಚೂ ಆಗಬಾರದು ಕಮ್ಮಿಯೂ ಆಗಬಾರದು. ಇದರಲ್ಲಿ ಧರ್ಮ ಒಳ್ಳೇದು, ಎಲ್ಲರೂ ಪ್ರಾರ್ಥನೆ ಮಾಡಿ ಅನ್ನೋ ಕರೆ ಎಲ್ಲೂ ಇಲ್ಲ. ಪೀಠಿಕೆಯಲ್ಲಿ ದೇವರು ಮನಸ್ಸನ್ನ ಸ್ವತಂತ್ರವಾಗಿ ಸೃಷ್ಟಿಸಿದ್ದಾನೆ ಅಂತ ಇದೆ ನಿಜ, ಆದ್ರೆ ಆ ಮಾತು ಬರೋದೂ ಸರ್ಕಾರದ ಕೈ ಕಟ್ಟೋಕೇ. ಜನರಿಗೆ ಉಪದೇಶ ಒಂದೂ ಇಲ್ಲ, ಹೆಚ್ಚುಕಮ್ಮಿ ಇಡೀ ಕಾಯ್ದೆ ಅಧಿಕಾರದಲ್ಲಿರೋರಿಗೆ ಹಾಕಿದ ಬೇಲಿ.

ಇಂಥಾ ಕಾನೂನನ್ನ ಅಧ್ಯಕ್ಷರ ಘೋಷಣೆಯಿಂದ ಆಚರಿಸೋದರಲ್ಲೇ ಒಂದು ತೊಡಕಿದೆ. ಜೆಫರ್ಸನ್ ತಾವು ಅಧ್ಯಕ್ಷರಾಗಿದ್ದಾಗ ಪ್ರಾರ್ಥನಾ ದಿನ, ಉಪವಾಸ ದಿನ ಅಂತ ಘೋಷಣೆ ಹೊರಡಿಸೋಕೆ ಒಪ್ಪಲೇ ಇಲ್ಲ. ವಾಷಿಂಗ್ಟನ್, ಆಡಮ್ಸ್ ಇಬ್ಬರೂ ಮಾಡಿದ್ದ ಪದ್ಧತಿ ಅದು. 1808ರಲ್ಲಿ ಒಬ್ಬ ಪಾದ್ರಿಗೆ ಬರೆದ ಪತ್ರದಲ್ಲಿ ಅವರು ಕಾರಣ ಹೇಳ್ತಾರೆ: ಅದು ಬರೀ ಶಿಫಾರಸು, ಬಲವಂತ ಅಲ್ಲ ಅನ್ನಬಹುದು, ಆದ್ರೆ ಅಧ್ಯಕ್ಷ ಶಿಫಾರಸು ಮಾಡಿದ್ಮೇಲೆ ಅದನ್ನ ಪಾಲಿಸದೇ ಇರೋರ ಮೇಲೆ ಜನಾಭಿಪ್ರಾಯದ ಒತ್ತಡ ಬಿದ್ದೇ ಬೀಳತ್ತೆ. ಮ್ಯಾಡಿಸನ್ 1812ರ ಯುದ್ಧದ ಟೈಮಲ್ಲಿ ಕಾಂಗ್ರೆಸ್ ಒತ್ತಾಯಕ್ಕೆ ಅಂಥಾ ಘೋಷಣೆಗಳನ್ನ ಹೊರಡಿಸಿದ್ರು, ಆದ್ರೆ ನಿವೃತ್ತಿ ಆದ್ಮೇಲೆ ಬರೆದಿಟ್ಟ ಟಿಪ್ಪಣಿಗಳಲ್ಲಿ ಇದು ಸರ್ಕಾರದ ಕೆಲಸ ಅಲ್ಲ ಅಂತ ವಿವರವಾಗಿ ವಾದ ಮಾಡಿದ್ದಾರೆ. ಇಬ್ಬರೂ ಸೇರಿ ತಂದ ಕಾನೂನಿನ ದಿನವನ್ನ ಆಚರಿಸೋ ರೀತಿ ಬಗ್ಗೆ ಇಬ್ಬರಿಗೂ ಗಂಭೀರ ಅನುಮಾನ ಇತ್ತು.

ಇದಕ್ಕೆ ಪಕ್ಕದಲ್ಲೇ ಇನ್ನೊಂದು ದಿನ ಇದೆ, ನ್ಯಾಷನಲ್ ಡೇ ಆಫ್ ಪ್ರೇಯರ್, 1952ರಲ್ಲಿ ಟ್ರೂಮನ್ ಕಾಲದಲ್ಲಿ ಕಾನೂನಾಗಿದ್ದು, 1988ರಲ್ಲಿ ಮೇ ತಿಂಗಳ ಮೊದಲ ಗುರುವಾರ ಅಂತ ಫಿಕ್ಸ್ ಆಯ್ತು. ನಾಸ್ತಿಕರ ಒಂದು ಸಂಘಟನೆ ಕೋರ್ಟಿಗೆ ಹೋಯ್ತು, 2010ರಲ್ಲಿ ವಿಸ್ಕಾನ್ಸಿನ್‌ನ ಫೆಡರಲ್ ನ್ಯಾಯಾಧೀಶೆ ಬಾರ್ಬರಾ ಕ್ರಾಬ್ ಇದು ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ರು, 2011ರಲ್ಲಿ ಮೇಲ್ಮನವಿ ಕೋರ್ಟು ಅದನ್ನ ರದ್ದು ಮಾಡ್ತು. ಯಾಕೆ ಅಂದ್ರೆ ಈ ಘೋಷಣೆಯಿಂದ ಅರ್ಜಿದಾರರಿಗೆ ಕಾನೂನಿನ ಲೆಕ್ಕದಲ್ಲಿ ಹಾನಿ ಏನೂ ಆಗಿಲ್ಲ, ಯಾರೂ ಪ್ರಾರ್ಥನೆ ಮಾಡಲೇಬೇಕು ಅಂತ ಇಲ್ಲ, ಹಾಗಾಗಿ ಕೇಸ್ ಹಾಕೋ ಅರ್ಹತೆಯೇ ಅವರಿಗಿಲ್ಲ. ಕಾನೂನಿನ ದೃಷ್ಟಿಯಿಂದ ಇದು ಸರಿ ಇರಬಹುದು. ಆದ್ರೆ ಪರಿಣಾಮ ಏನಾಯ್ತು ನೋಡಿ, ಇಂಥಾ ಘೋಷಣೆಗಳ ಮಾತು ಸರಿ ಇದೆಯಾ ಅಂತ ಅಳೆಯೋ ಜಾಗ ಕೋರ್ಟಲ್ಲೂ ಉಳೀಲಿಲ್ಲ, ಓದುಗರ ಹತ್ರ, ಪತ್ರಿಕೆಗಳ ಹತ್ರ ಮಾತ್ರ ಉಳೀತು. ಅದಕ್ಕೇ ನಾವು ಗಮನ ಇಟ್ಟು ಓದಬೇಕು ಅನ್ನೋದು.

ಹಾಗೆ ಓದಿದ್ರೆ ಒಂದು ವಿಷಯ ಕಣ್ಣಿಗೆ ಬೀಳತ್ತೆ, ಈ ಕಾಗದಗಳಲ್ಲಿ ಸರ್ಕಾರ ತಾನು ಮಾಡಿದ ತಪ್ಪಿನ ಬಗ್ಗೆ ಮಾತಾಡೋದು ಬಹಳ ಕಮ್ಮಿ. ಜೆಫರ್ಸನ್ ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರನ್ನ ಗುಲಾಮರಾಗಿ ಇಟ್ಕೊಂಡಿದ್ರು, ಮನಸ್ಸು ಸ್ವತಂತ್ರ ಅಂತ ಬರೆದ ಕಾಯ್ದೆ ಆ ಜನಕ್ಕೆ ಮುಟ್ಟಲೇ ಇಲ್ಲ. 1831ರಲ್ಲಿ ಅದೇ ವರ್ಜೀನಿಯಾದಲ್ಲಿ ನ್ಯಾಟ್ ಟರ್ನರ್ ನೇತೃತ್ವದಲ್ಲಿ ಗುಲಾಮರು ದಂಗೆ ಎದ್ರು, ಟರ್ನರ್ ಸ್ವತಃ ಬೋಧಕ. ದಂಗೆ ಅಡಗಿಸಿದ್ಮೇಲೆ ಕಪ್ಪು ಜನ, ಸ್ವತಂತ್ರರಾಗಲಿ ಗುಲಾಮರಾಗಲಿ, ಧಾರ್ಮಿಕ ಸಭೆ ನಡೆಸಿ ಬೋಧನೆ ಮಾಡೋ ಹಾಗಿಲ್ಲ ಅಂತ ಅಸೆಂಬ್ಲಿ ಕಾನೂನು ತಂತು. ಧಾರ್ಮಿಕ ಸ್ವಾತಂತ್ರ್ಯದ ಕಾಯ್ದೆ ಪುಸ್ತಕದಲ್ಲಿ ಹಾಗೇ ಇತ್ತು, ಅದೇ ಪುಸ್ತಕದಲ್ಲಿ ಇದೂ ಸೇರ್ಕೊಂತು.

ಮೂಲನಿವಾಸಿಗಳ ಕಥೆ ಇನ್ನೂ ಉದ್ದ, ಇನ್ನೂ ಮುಗಿದಿಲ್ಲ. 1883ರಲ್ಲಿ ಫೆಡರಲ್ ಸರ್ಕಾರ ಅವರ ಸನ್ ಡಾನ್ಸ್ ಅನ್ನೋ ಧಾರ್ಮಿಕ ಕುಣಿತದ ಥರದ ಆಚರಣೆಗಳನ್ನೇ ಅಪರಾಧ ಅಂತ ಪಟ್ಟಿ ಮಾಡಿ ನಿಯಮ ತಂತು, ಮಾಡಿದ್ರೆ ರೇಷನ್ ಕಟ್, ಇಲ್ಲಾ ಜೈಲು. ಅವರ ಆಚರಣೆಗಳಿಗೆ ಗೌರವ ಕೊಡ್ತೀವಿ ಅಂತ ಕಾಂಗ್ರೆಸ್ ಕಾನೂನು ಮಾಡಿದ್ದು 1978ರಲ್ಲಿ. ಆ ಕಾನೂನಿಗೂ ಹಲ್ಲಿರಲಿಲ್ಲ. 1990ರಲ್ಲಿ ಒರೆಗಾನ್‌ನ ಇಬ್ಬರು ನೌಕರರ ಕೇಸು ಸುಪ್ರೀಂ ಕೋರ್ಟಿಗೆ ಬಂತು, ನೇಟಿವ್ ಅಮೆರಿಕನ್ ಚರ್ಚಿನ ಆಚರಣೆಯಲ್ಲಿ ಪೆಯೋಟೆ ಅನ್ನೋ ಕಳ್ಳಿ ಗಿಡದ ಪ್ರಸಾದ ತಗೊಂಡಿದ್ದಕ್ಕೆ ಕೆಲಸ ಹೋಗಿತ್ತು, ನಿರುದ್ಯೋಗ ಭತ್ಯೆಯೂ ಸಿಕ್ಕಿರಲಿಲ್ಲ. ಕಾನೂನು ಎಲ್ಲರಿಗೂ ಒಂದೇ ಥರ ಅನ್ವಯ ಆಗೋವಾಗ ಧರ್ಮದ ಹೆಸರಲ್ಲಿ ವಿನಾಯಿತಿ ಕೇಳೋ ಹಾಗಿಲ್ಲ ಅಂತ ಕೋರ್ಟು ಹೇಳ್ತು. ದೇಶದಲ್ಲಿ ಎಡ ಬಲ ಎರಡೂ ಕಡೆಯವರಿಗೆ ಗಾಬರಿ ಆಯ್ತು, 1993ರ ನವೆಂಬರ್‌ನಲ್ಲಿ ರಿಲೀಜಿಯಸ್ ಫ್ರೀಡಂ ರೆಸ್ಟೋರೇಷನ್ ಆಕ್ಟ್ ಅಂತ ಹೊಸ ಕಾನೂನು ಬಂತು, ತೀರಾ ಬಲವಾದ ಕಾರಣ ಇಲ್ಲದೆ ಸರ್ಕಾರ ಯಾರ ಧರ್ಮಾಚರಣೆಗೂ ದೊಡ್ಡ ಅಡ್ಡಿ ಮಾಡೋ ಹಾಗಿಲ್ಲ ಅಂತ, ಸೆನೆಟ್‌ನಲ್ಲಿ 97ಕ್ಕೆ 3 ಮತ. ಮೊದಲ ಘೋಷಣೆ ಬಂದದ್ದೂ ಅದೇ ವರ್ಷ. ಜನವರಿಯ ಘೋಷಣೆ ಗಾಳಿಗೆ ಹೇಳಿದ ಒಳ್ಳೆ ಮಾತು, ನವೆಂಬರ್‌ನ ಕಾನೂನು ಕೋರ್ಟಲ್ಲಿ ಎತ್ತಿ ಹಿಡಿಯಬಹುದಾದ ಹಕ್ಕು, ಇವೆರಡರ ನಡುವಿನ ಅಂತರ ನಾವು ಮರೀಬಾರದು.

ಆದ್ರೆ ಆ ಹಕ್ಕೂ ಎಲ್ಲರಿಗೂ ಒಂದೇ ಥರ ಒದಗತ್ತಾ? ಅರಿಜೋನಾದಲ್ಲಿ ಓಕ್ ಫ್ಲಾಟ್ ಅಂತ ಒಂದು ಜಾಗ ಇದೆ, ಅಪಾಚೆ ಜನರಿಗೆ ಅದು ಪವಿತ್ರ ನೆಲ, ಹೆಣ್ಣುಮಕ್ಕಳು ದೊಡ್ಡವರಾದಾಗ ಮಾಡೋ ವಿಧಿಗಳು ಅಲ್ಲೇ ನಡೀತವೆ. ನೆಲದ ಕೆಳಗೆ ಭಾರೀ ತಾಮ್ರದ ನಿಕ್ಷೇಪ ಇದೆ. 2014ರಲ್ಲಿ ರಕ್ಷಣಾ ಬಜೆಟ್ ಮಸೂದೆಯ ಒಳಗೆ ಒಂದು ಷರತ್ತು ಸೇರಿಸಿ ಆ ಜಾಗವನ್ನ ರಿಯೋ ಟಿಂಟೋ ಮತ್ತೆ ಬಿಎಚ್‌ಪಿ ಒಡೆತನದ ರೆಸಲ್ಯೂಷನ್ ಕಾಪರ್ ಕಂಪನಿಗೆ ಬಿಟ್ಟುಕೊಡೋ ದಾರಿ ಮಾಡಿದ್ರು. ಗಣಿ ಆದ್ರೆ ನೆಲ ಕುಸಿದು ದೊಡ್ಡ ಹೊಂಡ ಆಗತ್ತೆ, ಪೂಜೆ ಮಾಡೋಕೆ ಜಾಗವೇ ಉಳಿಯಲ್ಲ. ಅಪಾಚೆಗಳು 1993ರ ಅದೇ ಕಾನೂನು ಹಿಡ್ಕೊಂಡು ಕೋರ್ಟಿಗೆ ಹೋದ್ರು, ಸೋತ್ರು, 2025ರ ಮೇ 27ಕ್ಕೆ ಸುಪ್ರೀಂ ಕೋರ್ಟು ಅವರ ಮನವಿಯನ್ನ ಕೈಗೆತ್ತಿಕೊಳ್ಳೋಕೇ ಒಪ್ಪಲಿಲ್ಲ. ನ್ಯಾಯಮೂರ್ತಿ ಗೋರ್ಸಚ್ ಭಿನ್ನಮತ ಬರೆದು, ಇದೇ ಥರದ ತರ್ಕದ ಮೇಲೆ ಸರ್ಕಾರ ಒಂದು ಐತಿಹಾಸಿಕ ಕ್ಯಾಥೆಡ್ರಲ್ ಒಡೆಯೋಕೆ ಹೊರಟಿದ್ರೆ ನಾವು ಸುಮ್ನೆ ಇರ್ತಿದ್ವಾ ಅನ್ನೋ ಅರ್ಥದ ಪ್ರಶ್ನೆ ಕೇಳಿದ್ರು. ಗೋರ್ಸಚ್ ಅವರನ್ನ ನೇಮಿಸಿದ್ದು ಟ್ರಂಪ್, ಅವರು ಸಂಪ್ರದಾಯವಾದಿ ಅಂತಾನೇ ಹೆಸರಾದವರು, ಅಂದ್ರೆ ಇದು ಎಡ ಬಲದ ಜಗಳ ಅಲ್ಲವೇ ಅಲ್ಲ. ಕಟ್ಟಡ ಇರೋ ಧರ್ಮಕ್ಕೆ ಒಂದು ಕಣ್ಣು, ನೆಲ ಬೆಟ್ಟ ನೀರನ್ನೇ ದೇವರು ಅಂದ್ಕೊಂಡಿರೋ ಧರ್ಮಕ್ಕೆ ಇನ್ನೊಂದು ಕಣ್ಣು, ಇದು ನನಗೆ ಬಹಳ ನೋವು ಕೊಡೋ ಸಂಗತಿ.

ಇನ್ನು ಘೋಷಣೆಯನ್ನ ರಾಜಕೀಯ ಹೇಗೆ ಬಳಸ್ಕೊಳ್ಳತ್ತೆ ಅನ್ನೋದು. ಪಠ್ಯದ ಅಸ್ಥಿಪಂಜರ ಬದಲಾಗಲ್ಲ, ವರ್ಜೀನಿಯಾ, ಜೆಫರ್ಸನ್, ಧಾರ್ಮಿಕ ಸ್ವಾತಂತ್ರ್ಯವನ್ನ ಕಾಯೋ ಸಂವಿಧಾನದ ಮೊದಲ ತಿದ್ದುಪಡಿ ಎಲ್ಲಾ ವರ್ಷವೂ ಬರತ್ತೆ, ಯಾರ ಕಷ್ಟಕ್ಕೆ ಹೆಸರು ಸಿಗತ್ತೆ ಅನ್ನೋದು ಬದಲಾಗತ್ತೆ. ಡೆಮಾಕ್ರಾಟ್ ಅಧ್ಯಕ್ಷರು ಯಹೂದಿ, ಮುಸ್ಲಿಂ, ಸಿಖ್ ಥರದ ಅಲ್ಪಸಂಖ್ಯಾತರ ಮೇಲಿನ ದ್ವೇಷದ ಕಡೆ, ನಂಬಿಕೆ ಇಲ್ಲದವರ ಕಡೆ ವಾಲ್ತಾರೆ, ರಿಪಬ್ಲಿಕನ್ ಅಧ್ಯಕ್ಷರು ಆತ್ಮಸಾಕ್ಷಿಗೆ ವಿರುದ್ಧ ಕೆಲಸ ಮಾಡಬೇಕಾದ ಡಾಕ್ಟರು ನರ್ಸು, ವ್ಯಾಪಾರಿಗಳ ಕಡೆ ವಾಲ್ತಾರೆ. 2018ರಲ್ಲಿ ಈ ದಿನ ಆಗಿ ಎರಡು ದಿನಕ್ಕೆ ಆರೋಗ್ಯ ಇಲಾಖೆಯಲ್ಲಿ ಆತ್ಮಸಾಕ್ಷಿ ಮತ್ತು ಧಾರ್ಮಿಕ ಸ್ವಾತಂತ್ರ್ಯಕ್ಕೆ ಅಂತ ಪ್ರತ್ಯೇಕ ವಿಭಾಗ ಶುರು ಆಯ್ತು, 2020ರಲ್ಲಿ ಇದೇ ದಿನ ಟ್ರಂಪ್ ಸರ್ಕಾರಿ ಶಾಲೆಗಳಲ್ಲಿ ಪ್ರಾರ್ಥನೆ ಬಗ್ಗೆ ಹೊಸ ಮಾರ್ಗಸೂಚಿ ಪ್ರಕಟಿಸಿದ್ರು. ಎರಡು ಕಡೆಯವರೂ ಹೇಳೋ ಕಷ್ಟಗಳು ಸುಳ್ಳಲ್ಲ, ನಿಜವಾದವೇ. ಆದ್ರೆ ಇನ್ನೊಂದು ಕಡೆಯವರ ಕಷ್ಟವನ್ನ ಹೆಸರಿಟ್ಟು ಹೇಳೋ ಧೈರ್ಯ ಇಲ್ಲದಿದ್ರೆ ಅದು ಎಲ್ಲರ ದಿನ ಆಗಿ ಉಳಿಯಲ್ಲ, ತಮ್ಮ ಮತದಾರರಿಗೆ ಬರೆದ ಪತ್ರ ಆಗತ್ತೆ.

2025ರ ಮೇ 1ರಂದು, ಪ್ರಾರ್ಥನಾ ದಿನದಂದೇ, ಟ್ರಂಪ್ ರಿಲೀಜಿಯಸ್ ಲಿಬರ್ಟಿ ಕಮಿಷನ್ ಅಂತ ಒಂದು ಆಯೋಗ ಮಾಡಿದ್ರು, ಅದರ ಅಧ್ಯಕ್ಷ ಟೆಕ್ಸಾಸ್‌ನ ಲೆಫ್ಟಿನೆಂಟ್ ಗವರ್ನರ್ ಡ್ಯಾನ್ ಪ್ಯಾಟ್ರಿಕ್, ಉಪಾಧ್ಯಕ್ಷ ಬೆನ್ ಕಾರ್ಸನ್. ಅದಕ್ಕೆ ಮುಂಚೆ ಫೆಬ್ರವರಿಯಲ್ಲಿ ಕ್ರೈಸ್ತ ವಿರೋಧಿ ಪಕ್ಷಪಾತವನ್ನ ಹುಡುಕಿ ತೆಗೆಯೋಕೆ ಅಂತ ಕಾರ್ಯಪಡೆ ಮಾಡಿದ್ರು. ಆಯೋಗಕ್ಕೆ ಮೊದಲು ನೇಮಕ ಆದವರಲ್ಲಿ ಕ್ರೈಸ್ತರೇ ಹೆಚ್ಚು, ಜೊತೆಗೆ ಒಬ್ಬ ಯಹೂದಿ ರಬ್ಬಿ, ಹಿಂದೂ ಇಲ್ಲ, ಮುಸ್ಲಿಂ ಇಲ್ಲ, ಬೌದ್ಧ ಇಲ್ಲ, ಮೂಲನಿವಾಸಿ ಧರ್ಮದವರು ಇಲ್ಲ. ಮುಸ್ಲಿಮರು ಸಲಹಾ ಮಂಡಳಿಗಳಲ್ಲಿ ಬಂದ್ರು, ಮುಖ್ಯ ಮೇಜಿನ ಸುತ್ತ ಅಲ್ಲ. ಜೆಫರ್ಸನ್ 1821ರಲ್ಲಿ ಬರೆದ ಪಟ್ಟಿಯನ್ನ ಈ ಪಟ್ಟಿಯ ಪಕ್ಕ ಇಟ್ಟು ನೋಡಿದ್ರೆ ಯಾವುದು ಅಗಲ ಅನ್ನೋದು ಗೊತ್ತಾಗತ್ತೆ. 2007ರ ಜುಲೈನಲ್ಲಿ ಅಮೆರಿಕದ ಸೆನೆಟ್‌ನಲ್ಲಿ ಮೊದಲ ಸಲ ಹಿಂದೂ ಪ್ರಾರ್ಥನೆ ಆದಾಗ ಗ್ಯಾಲರಿಯಿಂದ ಕೂಗಾಡಿ ಅಡ್ಡಿ ಮಾಡಿದವರನ್ನ ಅರೆಸ್ಟ್ ಮಾಡಬೇಕಾಯ್ತು, ಅಷ್ಟರ ಮಟ್ಟಿಗೆ ಎಲ್ಲಾ ಧರ್ಮಕ್ಕೂ ಜಾಗ ಅನ್ನೋದು ಅಲ್ಲಿ ಇನ್ನೂ ಬೇರೂರಬೇಕಾದ ವಿಚಾರ.

ಅಕ್ಟೋಬರ್ 27ರದ್ದು ಬೇರೆ ಕಥೆ. ಅದು ಅಂತರರಾಷ್ಟ್ರೀಯ ಧಾರ್ಮಿಕ ಸ್ವಾತಂತ್ರ್ಯದ ದಿನ. 1659ರ ಅದೇ ದಿನ ಬಾಸ್ಟನ್‌ನಲ್ಲಿ ವಿಲಿಯಂ ರಾಬಿನ್ಸನ್, ಮಾರ್ಮಡ್ಯೂಕ್ ಸ್ಟೀವನ್ಸನ್ ಅನ್ನೋ ಇಬ್ಬರು ಕ್ವೇಕರ್ ಪಂಥದವರನ್ನ ನೇಣಿಗೆ ಹಾಕಿದ್ರು. ಅವರ ಜೊತೆ ಮೇರಿ ಡೈಯರ್ ಅನ್ನೋ ಹೆಂಗಸನ್ನೂ ಕೊರಳಿಗೆ ಹಗ್ಗ ಹಾಕಿ ನಿಲ್ಸಿ ಕೊನೇ ಗಳಿಗೆಯಲ್ಲಿ ಬಿಟ್ರು, ಗಡೀಪಾರು ಮಾಡಿದ್ರು, ಆಕೆ ವಾಪಸ್ ಬಂದ್ಲು, 1660ರ ಜೂನ್ 1ಕ್ಕೆ ಗಲ್ಲು ಆಯ್ತು. ನೇಣು ಹಾಕಿದವರು ಯಾರು ಅಂದ್ರೆ ತಮ್ಮ ಧರ್ಮವನ್ನ ತಮಗೆ ಬೇಕಾದ ಹಾಗೆ ಪಾಲಿಸೋಕೆ ಇಂಗ್ಲೆಂಡ್ ಬಿಟ್ಟು ಓಡಿ ಬಂದ ಪ್ಯೂರಿಟನ್ನರು. ತಾವು ಅನುಭವಿಸಿದ ಕಷ್ಟ ಇನ್ನೊಬ್ಬರ ಕಷ್ಟಕ್ಕೆ ಕಣ್ಣು ತೆರೆಸತ್ತೆ ಅಂತ ನಾವೆಲ್ಲ ನಂಬಿರ್ತೀವಿ, ಇಲ್ಲಿ ಹಾಗಾಗಲಿಲ್ಲ.

1998ರ ಅಕ್ಟೋಬರ್ 27ಕ್ಕೆ ಕ್ಲಿಂಟನ್ ಇಂಟರ್ನ್ಯಾಷನಲ್ ರಿಲೀಜಿಯಸ್ ಫ್ರೀಡಂ ಆಕ್ಟ್‌ಗೆ ಸಹಿ ಹಾಕಿದ್ರು. ಇದರಿಂದ ವಿದೇಶಾಂಗ ಇಲಾಖೆಯಲ್ಲಿ ಒಬ್ಬ ವಿಶೇಷ ರಾಯಭಾರಿ, ವರ್ಷಕ್ಕೊಂದು ವರದಿ, ಜೊತೆಗೆ ಯುಎಸ್‌ಸಿಐಆರ್‌ಎಫ್ ಅನ್ನೋ ಒಂಬತ್ತು ಜನರ ಸ್ವತಂತ್ರ ಆಯೋಗ ಬಂತು, ತೀವ್ರ ದಮನ ಮಾಡೋ ದೇಶಗಳನ್ನ ವಿಶೇಷ ಕಳವಳದ ದೇಶ ಅಂತ ಪಟ್ಟಿಗೆ ಹಾಕೋ ವ್ಯವಸ್ಥೆ ಬಂತು. 2023ರ ಪಟ್ಟಿಯಲ್ಲಿ 12 ದೇಶ ಇದ್ವು, ಚೀನಾ, ಇರಾನ್, ಪಾಕಿಸ್ತಾನ, ರಷ್ಯಾ, ಉತ್ತರ ಕೊರಿಯಾ, ಸೌದಿ ಅರೇಬಿಯಾ ಎಲ್ಲಾ ಸೇರಿ. ಪಟ್ಟಿಗೆ ಬಂದ್ರೆ ನಿರ್ಬಂಧ ಹಾಕಬೇಕು, ಆದ್ರೆ ದೇಶದ ಹಿತಕ್ಕೆ ಬೇಕು ಅಂದ್ರೆ ಬಿಡಬಹುದು ಅನ್ನೋ ದಾರಿಯೂ ಅದೇ ಕಾನೂನಲ್ಲಿದೆ. ಸೌದಿ ಅರೇಬಿಯಾ 2004ರಿಂದ ಪಟ್ಟಿಯಲ್ಲಿದೆ, 2006ರಿಂದ ಅದಕ್ಕೆ ವಿನಾಯಿತಿಯೂ ಇದೆ. ಎಣ್ಣೆ ಮತ್ತೆ ಸೇನಾ ಸಂಬಂಧ ಇರೋ ಕಡೆ ಆತ್ಮಸಾಕ್ಷಿಯ ಬೆಲೆ ಎಷ್ಟು ಅನ್ನೋದನ್ನ ಈ ಒಂದು ವಿನಾಯಿತಿಯೇ ಹೇಳತ್ತೆ. ನೈಜೀರಿಯಾವನ್ನ ಟ್ರಂಪ್ ಸರ್ಕಾರ 2020ರಲ್ಲಿ ಪಟ್ಟಿಗೆ ಹಾಕ್ತು, ಬೈಡನ್ ಸರ್ಕಾರ 2021ರಲ್ಲಿ ತೆಗೀತು, 2025ರ ಅಕ್ಟೋಬರ್ ಕೊನೆಗೆ ಟ್ರಂಪ್ ಮತ್ತೆ ಹಾಕೋದಾಗಿ ಘೋಷಿಸಿದ್ರು. ವಾಷಿಂಗ್ಟನ್‌ನಲ್ಲಿ ಸರ್ಕಾರ ಬದಲಾದಾಗೆಲ್ಲ ಪಟ್ಟಿ ಹೀಗೆ ಒಳಗೆ ಹೊರಗೆ ಆಗ್ತಾ ಹೋದ್ರೆ ಅದರ ಮೇಲೆ ಯಾವ ದೇಶಕ್ಕೆ ನಂಬಿಕೆ ಇರತ್ತೆ ಹೇಳಿ.

ಭಾರತದವರಿಗೆ ಈ ಕಾನೂನು ಗೊತ್ತಿರೋದು ಬೇರೆ ಕಾರಣಕ್ಕೆ. 2005ರಲ್ಲಿ ಆಗ ಗುಜರಾತ್ ಮುಖ್ಯಮಂತ್ರಿ ಆಗಿದ್ದ ನರೇಂದ್ರ ಮೋದಿಯವರ ವೀಸಾ ರದ್ದು ಮಾಡಿದ್ದು ಇದೇ 1998ರ ಕಾಯ್ದೆಯಿಂದ ಬಂದ ನಿಯಮದ ಮೇಲೆ, 2014ರಲ್ಲಿ ಅವರು ಪ್ರಧಾನಿ ಆದ ಕೂಡಲೇ ಅಮೆರಿಕವೇ ಸ್ವಾಗತ ಮಾಡ್ತು. 2020ರಿಂದ ಯುಎಸ್‌ಸಿಐಆರ್‌ಎಫ್ ಪ್ರತಿ ವರ್ಷ ಭಾರತವನ್ನ ಕಳವಳದ ಪಟ್ಟಿಗೆ ಸೇರಿಸಿ ಅಂತ ಶಿಫಾರಸು ಮಾಡ್ತಾ ಬಂದಿದೆ, ವಿದೇಶಾಂಗ ಇಲಾಖೆ ಸೇರಿಸಿಲ್ಲ, ಭಾರತ ಸರ್ಕಾರ ಈ ಆಯೋಗ ಪಕ್ಷಪಾತಿ ಅಂತ ವರದಿಯನ್ನ ತಳ್ಳಿಹಾಕತ್ತೆ. ಇಲ್ಲಿ ಯಾವ ಕಡೆ ನಿಂತ್ರೂ ಒಂದನ್ನ ಒಪ್ಕೋಬೇಕು, ಬೇರೆ ದೇಶದ ಧಾರ್ಮಿಕ ಸ್ವಾತಂತ್ರ್ಯ ಅಳೆಯೋ ಸರ್ಕಾರ ತನ್ನ ಮನೆಯ ಓಕ್ ಫ್ಲಾಟ್ ಬಗ್ಗೆಯೂ ಅಷ್ಟೇ ಬಿಚ್ಚುಮನಸ್ಸಿನಿಂದ ಬರೀಬೇಕು, ಅಳತೆಗೆ ಒಳಗಾದ ದೇಶವೂ ಬರೆದವನು ಯಾರು ಅನ್ನೋದರ ಜೊತೆಗೆ ಬರೆದದ್ದು ನಿಜವಾ ಅಂತಲೂ ನೋಡ್ಕೋಬೇಕು.

ವಿಶ್ವಸಂಸ್ಥೆಯಲ್ಲೂ ಇದೇ ಸಮಸ್ಯೆ ದೊಡ್ಡ ಅಳತೆಯಲ್ಲಿದೆ. 2019ರ ಮಾರ್ಚ್‌ನಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಮಸೀದಿಗಳ ಮೇಲೆ ದಾಳಿ ಆಗಿ 51 ಜನ ಹೋದ್ರು, ಏಪ್ರಿಲ್‌ನಲ್ಲಿ ಈಸ್ಟರ್ ದಿನ ಶ್ರೀಲಂಕಾದಲ್ಲಿ ಚರ್ಚುಗಳಲ್ಲಿ ಹೋಟೆಲುಗಳಲ್ಲಿ ಬಾಂಬ್ ಸಿಡಿದು 250ಕ್ಕೂ ಹೆಚ್ಚು ಜನ ಹೋದ್ರು, ಮೇ 28ಕ್ಕೆ ಸಾಮಾನ್ಯ ಸಭೆ ಆಗಸ್ಟ್ 22ನ್ನ ಧರ್ಮ ಅಥವಾ ನಂಬಿಕೆಯ ಕಾರಣಕ್ಕೆ ಹಿಂಸೆಗೆ ಬಲಿಯಾದವರ ನೆನಪಿನ ದಿನ ಅಂತ ಮಾಡ್ತು. ಪೋಲೆಂಡ್ ಮುಂದೆ ನಿಂತು ತಂದ ನಿರ್ಣಯ, ಅಮೆರಿಕ, ಕೆನಡಾ, ಬ್ರೆಜಿಲ್, ಈಜಿಪ್ಟ್, ನೈಜೀರಿಯಾ ಜೊತೆಗೆ ಪಾಕಿಸ್ತಾನವೂ ಸಹಪ್ರಾಯೋಜಕ. ಪಾಕಿಸ್ತಾನದಲ್ಲಿ 1974ರ ಸಂವಿಧಾನ ತಿದ್ದುಪಡಿ ಅಹಮದಿಯರನ್ನ ಮುಸ್ಲಿಮರೇ ಅಲ್ಲ ಅಂತ ಮಾಡಿದೆ, 1984ರ ಸುಗ್ರೀವಾಜ್ಞೆ ಅವರು ತಮ್ಮನ್ನ ಮುಸ್ಲಿಮರು ಅಂತ ಕರ್ಕೊಂಡ್ರೆ, ತಮ್ಮ ಪ್ರಾರ್ಥನಾ ಸ್ಥಳವನ್ನ ಮಸೀದಿ ಅಂದ್ರೆ ಜೈಲು ಅಂತ ಹೇಳತ್ತೆ.

ಪಾಕಿಸ್ತಾನದಲ್ಲಿ ಅಲ್ಪಸಂಖ್ಯಾತರಿಗೆ ಅಂತಾನೇ ಒಂದು ಸರ್ಕಾರಿ ದಿನ ಇದೆ, ಆಗಸ್ಟ್ 11. 1947ರ ಆ ದಿನ ಜಿನ್ನಾ ಸಂವಿಧಾನ ಸಭೆಯಲ್ಲಿ, ನೀವು ನಿಮ್ಮ ದೇವಸ್ಥಾನಕ್ಕೆ ಹೋಗೋಕೆ ಸ್ವತಂತ್ರರು, ಮಸೀದಿಗೆ ಹೋಗೋಕೆ ಸ್ವತಂತ್ರರು, ಯಾರ ಧರ್ಮ ಯಾವುದು ಅನ್ನೋದಕ್ಕೂ ರಾಜ್ಯದ ಕೆಲಸಕ್ಕೂ ಸಂಬಂಧ ಇಲ್ಲ ಅನ್ನೋ ಅರ್ಥದ ಭಾಷಣ ಮಾಡಿದ್ರು. 2009ರಲ್ಲಿ ಆ ದಿನಾಂಕವನ್ನ ಆಚರಣೆಗೆ ತಂದದ್ದರ ಹಿಂದೆ ಇದ್ದವರು ಅಲ್ಪಸಂಖ್ಯಾತ ಖಾತೆ ಸಚಿವ ಶಹಬಾಜ್ ಭಟ್ಟಿ, ಅವರು ಕ್ರೈಸ್ತರು. ಧರ್ಮನಿಂದನೆ ಕಾನೂನಿನ ದುರ್ಬಳಕೆ ವಿರುದ್ಧ ಮಾತಾಡಿದ್ದಕ್ಕೆ 2011ರ ಮಾರ್ಚ್ 2ಕ್ಕೆ ಇಸ್ಲಾಮಾಬಾದ್‌ನಲ್ಲಿ ಅವರನ್ನ ಗುಂಡಿಟ್ಟು ಕೊಂದ್ರು. ದಿನ ಮಾತ್ರ ಕ್ಯಾಲೆಂಡರಲ್ಲಿ ಉಳೀತು. 2023ರ ಆಗಸ್ಟ್ 11ಕ್ಕೂ ಅದು ಬಂತು ಹೋಯ್ತು, ಐದೇ ದಿನಕ್ಕೆ, ಆಗಸ್ಟ್ 16ಕ್ಕೆ, ಪಂಜಾಬ್ ಪ್ರಾಂತ್ಯದ ಜಡಾಂವಾಲಾದಲ್ಲಿ ಧರ್ಮನಿಂದನೆ ಆರೋಪದ ಸುದ್ದಿ ಹಬ್ಬಿ ಗುಂಪು ನುಗ್ಗಿ ಚರ್ಚುಗಳನ್ನ, ಕ್ರೈಸ್ತರ ಮನೆಗಳನ್ನ ಸುಟ್ಟು ಹಾಕ್ತು, ಜನ ಮಕ್ಕಳನ್ನ ಕಟ್ಕೊಂಡು ಕಬ್ಬಿನ ಗದ್ದೆಗಳಲ್ಲಿ ರಾತ್ರಿ ಕಳೆದ್ರು. ಧರ್ಮನಿಂದನೆಯ ಕಾನೂನನ್ನ ಮುಟ್ಟದೇ ಅಲ್ಪಸಂಖ್ಯಾತರ ದಿನ ಎಷ್ಟು ವರ್ಷ ಆಚರಿಸಿದ್ರೂ ಆ ಜನಕ್ಕೆ ಅದರಿಂದ ಸಿಗೋ ರಕ್ಷಣೆ ಏನೂ ಇಲ್ಲ.

ಹಾಗಂತ ಈ ದಿನಗಳೇ ಬೇಡ ಅಂತ ನಾನು ಹೇಳಲ್ಲ. ಬ್ರೆಜಿಲ್ ನೋಡಿ. ಅಲ್ಲಿ ಜನವರಿ 21 ಧಾರ್ಮಿಕ ಅಸಹಿಷ್ಣುತೆ ವಿರುದ್ಧದ ರಾಷ್ಟ್ರೀಯ ದಿನ, 2007ರ ಕಾನೂನು. ಯಾವ ದೊಡ್ಡ ನಾಯಕನ ನೆನಪಿಗೂ ಅಲ್ಲ, ಸಾಲ್ವಡೋರ್ ನಗರದ ಮಾಯಿ ಜಿಲ್ಡಾ ಅನ್ನೋ ಕ್ಯಾಂಡೊಂಬ್ಲೆ ಅರ್ಚಕಿಯ ನೆನಪಿಗೆ. ಕ್ಯಾಂಡೊಂಬ್ಲೆ ಅಂದ್ರೆ ಆಫ್ರಿಕಾದಿಂದ ಗುಲಾಮರಾಗಿ ಬಂದವರು ಉಳಿಸ್ಕೊಂಡ ಧರ್ಮ, ಬಹಳ ಕಾಲ ಪೊಲೀಸರು ಅದರ ಪೂಜೆಗಳ ಮೇಲೆ ದಾಳಿ ಮಾಡ್ತಿದ್ರು. 1999ರಲ್ಲಿ ಒಂದು ದೊಡ್ಡ ಇವಾಂಜೆಲಿಕಲ್ ಚರ್ಚಿನ ಪತ್ರಿಕೆ ಆಕೆಯ ಫೋಟೋ ಹಾಕಿ ಜನರನ್ನ ವಂಚಿಸೋ ಮಾಟಗಾತಿ ಅನ್ನೋ ಥರ ಬರೀತು, ಮನೆಗೆ ಮಂದಿರಕ್ಕೆ ನುಗ್ಗಿ ಕಿರುಕುಳ ಶುರು ಆಯ್ತು, ಆಕೆಯ ಆರೋಗ್ಯ ಕುಸೀತು, 2000ದ ಜನವರಿ 21ಕ್ಕೆ ತೀರ್ಕೊಂಡ್ರು. ಮಗಳು ಕೇಸ್ ಮುಂದುವರಿಸಿದ್ರು, ಚರ್ಚು ಪರಿಹಾರ ಕೊಡಬೇಕು ಅಂತ ಕೋರ್ಟಲ್ಲಿ ತೀರ್ಪಾಯ್ತು. ಆ ದಿನ ಬಂದಾಗ ಬ್ರೆಜಿಲ್‌ನ ಯಾವ ಅಧಿಕಾರಿಯೂ ಬರೀ ಸಹಿಷ್ಣುತೆ ನಮ್ಮ ಪರಂಪರೆ ಅಂತ ಹೇಳಿ ಜಾರ್ಕೊಳ್ಳೋಕಾಗಲ್ಲ, ಯಾಕೆ ಜನವರಿ 21 ಅಂತ ಯಾರಾದ್ರೂ ಕೇಳಿದ್ರೆ ನಡೆದದ್ದನ್ನೇ ಹೇಳಬೇಕಾಗತ್ತೆ. ಸಾಲ್ವಡೋರ್‌ನಲ್ಲಿ ಆಕೆಯ ಪ್ರತಿಮೆ ಮೇಲೆ ಆಮೇಲೂ ದಾಳಿ ಆಗಿದೆ, ಸಮಸ್ಯೆ ಏನೂ ಮುಗಿದಿಲ್ಲ, ಆದ್ರೆ ಕ್ಯಾಂಡೊಂಬ್ಲೆ ಜನಕ್ಕೆ ವರ್ಷಕ್ಕೊಮ್ಮೆ ಸರ್ಕಾರದ ಎದುರು ನಿಂತು ಲೆಕ್ಕ ಕೇಳೋಕೆ ಒಂದು ತಾರೀಖು ಕಾನೂನಿನಲ್ಲೇ ಸಿಕ್ಕಿದೆ.

ಅಮೆರಿಕದ ಜನವರಿ 16ಕ್ಕೂ ಇದು ಸಾಧ್ಯ ಇದೆ. ಘೋಷಣೆಯ ಜೊತೆಗೆ ಒಂದು ಪುಟ ಸೇರಿಸಿದ್ರೆ ಸಾಕು: ಕಳೆದ ವರ್ಷ ಫೆಡರಲ್ ಸರ್ಕಾರದ ವಿರುದ್ಧ 1993ರ ಕಾನೂನಿನ ಕೆಳಗೆ ಯಾರ್ಯಾರು ಕೇಸ್ ಹಾಕಿದ್ರು, ಯಾವ ಧರ್ಮದವರು, ಎಷ್ಟರಲ್ಲಿ ಸರ್ಕಾರ ಸೋತ್ತು, ಜೈಲುಗಳಲ್ಲಿ ಸೇನೆಯಲ್ಲಿ ಗಡ್ಡ, ಪೇಟ, ಊಟದ ವಿಚಾರಕ್ಕೆ ಬಂದ ಅರ್ಜಿ ಎಷ್ಟು, ಫೆಡರಲ್ ಜಮೀನಿನಲ್ಲಿರೋ ಮೂಲನಿವಾಸಿಗಳ ಪವಿತ್ರ ಸ್ಥಳಗಳಲ್ಲಿ ಯಾವುದಕ್ಕೆ ಗಣಿ, ಪೈಪ್‌ಲೈನ್, ರಸ್ತೆ ಅನುಮತಿ ಕೊಟ್ಟಿದ್ದಾರೆ. ಬೇರೆ ದೇಶಗಳ ಬಗ್ಗೆ ಇಂಥಾ ವರದಿ ಬರೆಯೋಕೆ 1998ರಿಂದ ಅಲ್ಲಿ ಕಚೇರಿ ಇದೆ, ಸಿಬ್ಬಂದಿ ಇದ್ದಾರೆ, ವರ್ಷ ವರ್ಷ ಸಾವಿರಾರು ಸಾಲು ಬರೀತಾರೆ, ಆ ವರದಿಯಲ್ಲಿ ಅಮೆರಿಕದ ಬಗ್ಗೆ ಮಾತ್ರ ಒಂದು ಅಧ್ಯಾಯವೂ ಇರಲ್ಲ, ಯಾಕಂದ್ರೆ ಕಾನೂನು ಕೇಳಿದ್ದೇ ವಿದೇಶಗಳ ಬಗ್ಗೆ. ಆ ಅಧ್ಯಾಯ ಬರೆಸೋಕೆ ಕಾಂಗ್ರೆಸ್ ಒಂದು ಸಣ್ಣ ತಿದ್ದುಪಡಿ ಮಾಡಿದ್ರೆ ಸಾಕು, ಪ್ರಕಟ ಮಾಡೋಕೆ ಜನವರಿ 16ಕ್ಕಿಂತ ಸರಿಯಾದ ದಿನ ಬೇರೆ ಇಲ್ಲ.